ಬಿಡುವುದು, ಬಿಡಿಸಿಕೊಳ್ಳುವುದು: ಬ್ರೆಜಿಲ್‌ನ ಸೆರೆಮನೆಗಳಲ್ಲಿ ಓದಿನ ಲೆಕ್ಕ

ಪೋರ್ಚುಗೀಸ್ ಭಾಷೆಯಲ್ಲಿ ಉಚ್ಚಾರ ಒಂದೇ ಆಗಿ ಕಾಗುಣಿತ ಮಾತ್ರ ಬೇರೆಯಾದ ಎರಡು ಪದಗಳಿವೆ. ಒಂದಕ್ಕೆ ಮಾಫಿ ಎಂದು ಅರ್ಥ; ಇನ್ನೊಂದಕ್ಕೆ, ಒತ್ತೆಯಿಟ್ಟದ್ದನ್ನು ಬಿಡಿಸಿಕೊಳ್ಳುವುದು ಎಂದು. ಬ್ರೆಜಿಲ್‌ನ 1984ರ ಶಿಕ್ಷಾ ಜಾರಿ ಕಾಯ್ದೆ ಆರಿಸಿಕೊಂಡದ್ದು ಎರಡನೆಯದನ್ನು. ಸ್ವಾತಂತ್ರ್ಯೋತ್ಸವದ ಆಸುಪಾಸಿನಲ್ಲಿ ನಮ್ಮ ಪತ್ರಿಕೆಗಳಲ್ಲಿ ಕಾಣುವ ‘ಸನ್ನಡತೆ ಆಧಾರದ ಬಿಡುಗಡೆ’ ಮೊದಲನೆಯ ಜಾತಿಯದು: ಅಲ್ಲಿ ಸರ್ಕಾರ ಬಿಡುತ್ತದೆ. ಬ್ರೆಜಿಲ್‌ನ ಕೈದಿ ತನ್ನ ದಿನಗಳನ್ನು ತಾನೇ ಬಿಡಿಸಿಕೊಳ್ಳುತ್ತಾನೆ. ಓದಿನಿಂದ ಶಿಕ್ಷೆ ಇಳಿಯುವ ಬಗೆಯನ್ನು ಈ ಕ್ರಿಯಾಪದದಿಂದಲೇ ಅರ್ಥೈಸಬೇಕೆಂಬುದು ನನ್ನ ವಾದ.

ಮೂಲ ಕಾಯ್ದೆಯಲ್ಲಿ ಈ ಸವಲತ್ತು ದುಡಿಮೆಗಷ್ಟೇ ಇತ್ತು: ಮೂರು ದಿನದ ಕೆಲಸಕ್ಕೆ ಒಂದು ದಿನದ ಶಿಕ್ಷೆ ವಜಾ. ಓದೂ ದುಡಿಮೆಯೇ ಎಂಬ ವಾದವನ್ನು ಸುಪೀರಿಯರ್ ಕೋರ್ಟ್ ಆಫ್ ಜಸ್ಟಿಸ್ 2007ರಲ್ಲಿ ಒಪ್ಪಿತು. 2011ರ ಜೂನ್‌ನ ತಿದ್ದುಪಡಿ ಅದಕ್ಕೆ ಶಾಸನದ ರೂಪ ಕೊಟ್ಟಿತು. 12 ಗಂಟೆಯ ಪಾಠಕ್ಕೆ ಒಂದು ದಿನ. ಆ ಗಂಟೆಗಳು ಕನಿಷ್ಠ ಮೂರು ದಿನಗಳಲ್ಲಿ ಹಂಚಿಹೋಗಿರಬೇಕು. ಒಂದೇ ದಿನ ಕೂತು ಎದ್ದರೆ ನಡೆಯದು. ದೂರಶಿಕ್ಷಣವೂ ಲೆಕ್ಕಕ್ಕುಂಟು.

ಪದವಿಯ ಕೆಲಸವೇ ಬೇರೆ. ಶಿಕ್ಷೆಯ ಅವಧಿಯಲ್ಲೇ ಶಾಲಾ ಹಂತವನ್ನೋ ಉನ್ನತ ಶಿಕ್ಷಣವನ್ನೋ ಮುಗಿಸಿದವನಿಗೆ, ಓದಿ ಗಳಿಸಿದ ದಿನಗಳ ಮೂರನೆಯ ಒಂದು ಪಾಲು ಮೇಲೆ ಸೇರುತ್ತದೆ. 2,160 ಗಂಟೆ ಪಾಠ ಕೇಳಿದವನ ಖಾತೆಯಲ್ಲಿ 180 ದಿನ. ಪದವಿ ಮುಗಿದರೆ ಇನ್ನೂ 60. ಹೀಗೆ ಕಳೆದ ದಿನಗಳನ್ನು ಕಾಯ್ದೆ ‘ಅನುಭವಿಸಿದ ಶಿಕ್ಷೆ’ ಎಂದೇ ಎಣಿಸುತ್ತದೆ. ಜೈಲು ಅಧಿಕಾರಿ ತಿಂಗಳು ತಿಂಗಳೂ ನ್ಯಾಯಾಧೀಶರಿಗೆ ಹಾಜರಿಯ ವಿವರ ಕಳಿಸಬೇಕು. ಕಳೆದ ದಿನಗಳ ಪಟ್ಟಿ ಕೈದಿಯ ಕೈಗೂ ಬರಬೇಕು, ಬ್ಯಾಂಕಿನ ಪಾಸ್‌ಬುಕ್ಕಿನ ಹಾಗೆ. ಗಂಭೀರ ತಪ್ಪು ಮಾಡಿದರೆ ಹಿಂದೆ ಗಳಿಕೆಯೆಲ್ಲ ಹೋಗುತ್ತಿತ್ತು. ತಿದ್ದುಪಡಿಯ ಬಳಿಕ ಹೆಚ್ಚೆಂದರೆ ಮೂರನೆಯ ಒಂದು ಪಾಲು.

ಗಂಟೆ ಎಣಿಸಿದರೆ ಓದನ್ನು ಅಳೆದಂತಾಯಿತೇ? ಹೊರಗೆ ಹೋಗಿ ಓದುವವನು ಹಾಜರಿಯ ಜೊತೆ ಕಲಿಕೆಯ ಪ್ರಗತಿಗೂ ಪ್ರಮಾಣಪತ್ರ ತರಬೇಕು. ಒಳಗಿನವನ ವಿಷಯದಲ್ಲಿ ಕಾಯ್ದೆ ಅಷ್ಟು ಬಿಗಿಯಾಗಿಲ್ಲ. ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಬೆಂಚಿನದು: ತರಗತಿಯಿಲ್ಲದ ಜೈಲಿನಲ್ಲಿ ಖಾತೆಯೇ ತೆರೆಯದು. ರಾಷ್ಟ್ರೀಯ ನ್ಯಾಯ ಮಂಡಳಿಯ 2013ರ ಶಿಫಾರಸು ಈ ಕೊರತೆಯನ್ನು ತುಸು ತುಂಬಿತು: ಒಂದು ಪುಸ್ತಕ ಓದಿ ವಿಮರ್ಶೆ ಬರೆದರೆ ನಾಲ್ಕು ದಿನ, ವರ್ಷಕ್ಕೆ 12 ಪುಸ್ತಕದವರೆಗೆ.

ದಿನ ಕಳೆದಷ್ಟೂ ಬಿಡುಗಡೆ ಹತ್ತಿರ. ಬಿಡುಗಡೆ ಹತ್ತಿರವಾದಷ್ಟೂ ಓದು ಅರ್ಧಕ್ಕೆ ನಿಲ್ಲುವ ಭಯ. ಕಾಯ್ದೆ ಬರೆದವರಿಗೆ ಇದು ಹೊಳೆದಿರಬೇಕು. ಷರತ್ತಿನ ಮೇಲೆ ಹೊರಬಂದವನೂ ಓದು ಮುಂದುವರಿಸಿದರೆ, ಉಳಿದ ಅವಧಿಯಿಂದ 12 ಗಂಟೆಗೆ ಒಂದು ದಿನ ಕಳೆಯುತ್ತಲೇ ಇರುತ್ತದೆ.