ಸಿಂಹವಾಗಿದ್ದ ದೇಶ, ತೋಳನಾದ ಸರೋವರ

ಶಾಲೆಯ ಗೋಡೆಗೆ ತೂಗುಹಾಕುವ ಯುರೋಪಿನ ಭೂಪಟದಲ್ಲಿ ನೆದರ್ಲೆಂಡ್ಸ್ ದೇಶವನ್ನು ತೋರಿಸಲು ಕಡ್ಡಿಯ ತುದಿಯನ್ನಿಟ್ಟರೆ ದೇಶವೇ ಮರೆಯಾಗಿಬಿಡುತ್ತದೆ. ನೀರಿನ ಭಾಗವನ್ನೂ ಸೇರಿಸಿಕೊಂಡು ಅದರ ವಿಸ್ತೀರ್ಣ ಸುಮಾರು 41,500 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ 2024ರಲ್ಲಿ ಒಂದು ಕೋಟಿ ಎಂಬತ್ತು ಲಕ್ಷವನ್ನು ದಾಟಿತು. ರಾಜಧಾನಿ ಆಮ್‌ಸ್ಟರ್ಡಾಮ್, ಮುಖ್ಯ ಕಸುಬು ಹೈನುಗಾರಿಕೆ, ಪ್ರಸಿದ್ಧ ಹೂವು ಟ್ಯುಲಿಪ್ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತಿತ್ತು. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ನೆನಪಿರಬಹುದು. ಆದರೆ ಗಡಿರೇಖೆ ಮತ್ತು ಊರುಗಳ ಚುಕ್ಕೆಗಳಷ್ಟೇ ಇರುವ ಆ ಪಟ ಈ ದೇಶದ ನಿಜವಾದ ಕಥೆಯನ್ನು ಹೇಳುವುದೇ ಇಲ್ಲ. ಅದನ್ನು ತಿಳಿಯಲು ಇದೇ ನೆಲವನ್ನು ಬೇರೆ ಬೇರೆ ಕಾಲದವರು ವಿಚಿತ್ರವಾಗಿ ಚಿತ್ರಿಸಿದ ನಕ್ಷೆಗಳನ್ನು ನೋಡಬೇಕು.

ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಒಂದು ಸಿಂಹ. ಮೈಕೆಲ್ ಐಟ್ಸಿಂಗರ್ ಎಂಬ ಆಸ್ಟ್ರಿಯಾದ ವಿದ್ವಾಂಸನು 1583ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥದಲ್ಲಿ ತಗ್ಗುನಾಡಿನ ಹದಿನೇಳು ಪ್ರಾಂತಗಳನ್ನೂ ಒಂದೇ ಸಿಂಹದ ಮೈಯೊಳಗೆ ಅಡಕಗೊಳಿಸಿ ತೋರಿಸಿದನು. ತಲೆ ಈಶಾನ್ಯದಲ್ಲಿ, ಬಾಲ ಆಗ್ನೇಯದಲ್ಲಿ. ಬೆನ್ನಿನುದ್ದಕ್ಕೂ ಉತ್ತರ ಸಮುದ್ರದ ಕರಾವಳಿ. ಇದಕ್ಕೆ 'ಲಿಯೊ ಬೆಲ್ಜಿಕಸ್' ಎಂದು ಹೆಸರು. ಬೆಲ್ಜಿಕಸ್ ಎಂಬ ಪದ ಇಂದಿನ ಬೆಲ್ಜಿಯಂ ಒಂದನ್ನೇ ಸೂಚಿಸುತ್ತಿರಲಿಲ್ಲ. ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್ ಎಲ್ಲವೂ ಅದರೊಳಗಿದ್ದವು. ಅನೇಕ ಪ್ರಾಂತಗಳ ಲಾಂಛನದಲ್ಲಿ ಮೊದಲೇ ಸಿಂಹವಿದ್ದುದರಿಂದ ಕಲ್ಪನೆ ಆಕಾಶದಿಂದ ಇಳಿದದ್ದೇನೂ ಅಲ್ಲ.

ಆದರೆ ಇಸವಿಯನ್ನು ಗಮನಿಸಿ. ಸ್ಪೇನ್ ದೊರೆಯ ಆಳ್ವಿಕೆಯ ವಿರುದ್ಧ ಈ ಪ್ರಾಂತಗಳು ದಂಗೆಯೆದ್ದು ಹದಿನೈದು ವರ್ಷಗಳಾಗಿದ್ದವು. 1579ರಲ್ಲಿ ಉತ್ತರದ ಪ್ರಾಂತಗಳು ಉಟ್ರೆಕ್ಟ್ ನಗರದಲ್ಲಿ ತಮ್ಮದೇ ಒಕ್ಕೂಟ ಮಾಡಿಕೊಂಡಿದ್ದವು. 1581ರಲ್ಲಿ ದೊರೆಯ ಅಧಿಕಾರವನ್ನೇ ತಿರಸ್ಕರಿಸಿದ ಘೋಷಣೆ ಹೊರಬಿದ್ದಿತ್ತು. ಸಿಂಹ ಅಚ್ಚಾದ ಎರಡೇ ವರ್ಷಗಳಲ್ಲಿ ಆಂಟ್ವರ್ಪ್ ನಗರ ಸ್ಪೇನಿನ ಸೇನೆಯ ವಶವಾಯಿತು. ಮೈ ಎರಡಾಗಿ ಸೀಳುತ್ತಿದ್ದಾಗಲೇ ಚಿತ್ರಕಾರನು ಒಂದು ಅಖಂಡ ಪ್ರಾಣಿಯನ್ನು ಬರೆದನು ಎಂಬುದು ನನಗೆ ಈ ನಕ್ಷೆಯ ಸ್ವಾರಸ್ಯ. 1609ರಲ್ಲಿ ಹನ್ನೆರಡು ವರ್ಷಗಳ ಕದನವಿರಾಮವಾದಾಗ ಕ್ಲಾಸ್ ಯಾನ್ಸೋನ್ ವಿಸ್ಕರ್ ಎಂಬವನು ಇದೇ ಸಿಂಹವನ್ನು ಇನ್ನಷ್ಟು ಸೊಗಸಾಗಿ ಕೆತ್ತಿದನು. 1648ರಲ್ಲಿ ಶಾಂತಿ ಒಪ್ಪಂದವಾಗಿ ಉತ್ತರದ ಗಣರಾಜ್ಯಕ್ಕೆ ಮಾನ್ಯತೆ ದೊರೆತಾಗ ಅದೇ ವಿಸ್ಕರನ ಸಿಂಹ ಮತ್ತೆ ಬಂತು. ಈ ಸಲ ಅದರ ಹೆಸರು 'ಲಿಯೊ ಹಾಲಂಡಿಕಸ್'. ಮೈತುಂಬ ಇದ್ದದ್ದು ಹಾಲೆಂಡ್ ಎಂಬ ಒಂದೇ ಪ್ರಾಂತ. ಹದಿನೇಳರ ಜಾಗದಲ್ಲಿ ಒಂದು! ಹಣವೂ ಹಡಗುಗಳೂ ಹೆಚ್ಚಾಗಿದ್ದ ಪ್ರಾಂತ ತನ್ನನ್ನೇ ಇಡೀ ದೇಶವೆಂದು ಭಾವಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಡ. ಇಂದಿಗೂ ನಾವು ಆ ದೇಶವನ್ನು ಹಾಲೆಂಡ್ ಎಂದೇ ಕರೆಯುತ್ತೇವಲ್ಲ.

ಸಿಂಹದ ನಕ್ಷೆ ರಾಜಕೀಯವನ್ನು ಹೇಳಿತು. ನೆಲದ ಕಥೆಗೆ ಬೇರೆ ನಕ್ಷೆ ಬೇಕು. ಡಚ್ ಸರ್ಕಾರವು 1996ರಿಂದ ವಿಮಾನಗಳಿಂದ ಲೇಸರ್ ಕಿರಣ ಹಾಯಿಸಿ ಇಡೀ ದೇಶದ ಎತ್ತರವನ್ನು ಅಳೆಯಿಸಿತು. ತಗ್ಗಿಗೆ ನೀಲಿ, ಎತ್ತರಕ್ಕೆ ಕಂದು ಬಣ್ಣ ಕೊಟ್ಟ ನಕ್ಷೆಯನ್ನು ನೋಡಿದರೆ ದೇಶದ ಪಶ್ಚಿಮ ಭಾಗವೆಲ್ಲ ನೀಲಿಯ ತೇಪೆಗಳು. ಅತ್ಯಂತ ತಗ್ಗಿನ ಸ್ಥಳ ಸಮುದ್ರಮಟ್ಟಕ್ಕಿಂತ ಆರೂಮುಕ್ಕಾಲು ಮೀಟರ್ ಕೆಳಗಿದೆ. ಕಾಲುವೆಗಳು ಹೊಲಗಳಿಗಿಂತ ಎತ್ತರದಲ್ಲಿ ಹರಿಯುತ್ತವೆ. ಗದ್ದೆಯಲ್ಲಿ ನಿಂತವನು ದೋಣಿಯನ್ನು ತಲೆಯೆತ್ತಿ ನೋಡಬೇಕು. ದೇಶದ ಶೇಕಡಾ 26 ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಇನ್ನೂ ಶೇಕಡಾ 29 ಭಾಗ ನದಿಗಳ ಪ್ರವಾಹಕ್ಕೆ ತುತ್ತಾಗುವಂಥದ್ದು. ಹವಾಮಾನ ಬದಲಾವಣೆಯ ಕುರಿತು ವಿಶ್ವಸಂಸ್ಥೆಯ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ ಇವೆರಡನ್ನೂ ಕೂಡಿಸಿ, ಶೇಕಡಾ 55 ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ ಎಂದು ಅಚ್ಚಾಗಿ, 2010ರಲ್ಲಿ ದೊಡ್ಡ ಗದ್ದಲವಾಯಿತು. ಎರಡು ನಕ್ಷೆಗಳನ್ನು ಒಂದೆಂದು ಭಾವಿಸಿದ್ದರ ಫಲ.

"ದೇವರು ಜಗತ್ತನ್ನು ಸೃಷ್ಟಿಸಿದ, ಡಚ್ಚರು ನೆದರ್ಲೆಂಡ್ಸನ್ನು ಸೃಷ್ಟಿಸಿದರು" ಎಂಬ ಮಾತನ್ನು ಬಹಳ ಜನ ಕೇಳಿರುತ್ತೀರಿ. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ಕ್ರಿ.ಶ. 1000ದ ಸುಮಾರಿನ ನೆಲವನ್ನು ಭೂವಿಜ್ಞಾನಿಗಳು ಮರಳಿ ಚಿತ್ರಿಸಿದ ನಕ್ಷೆಗಳಲ್ಲಿ ಈ ನೀಲಿ ತೇಪೆಗಳಿರುವ ಕಡೆಯಲ್ಲಿ ಬಹುಪಾಲು ಸಮುದ್ರಮಟ್ಟಕ್ಕಿಂತ ಎತ್ತರದ ಜೌಗುನೆಲವೇ ಇತ್ತು. ಅದು ಪೀಟ್, ಅಂದರೆ ಸಾವಿರಾರು ವರ್ಷಗಳ ಸಸ್ಯರಾಶಿ ನೀರಿನಲ್ಲಿ ನೆನೆದು ಅರೆಕೊಳೆತು ಉಂಟಾದ ಮಣ್ಣು. ಬೇಸಾಯಕ್ಕಾಗಿ ರೈತರು ಚರಂಡಿ ತೋಡಿ ಅದರ ನೀರು ಬಸಿದರು. ನೀರು ಹೋದ ಪೀಟ್ ಒಣಗಿದ ಹಿಟ್ಟಿನ ಮುದ್ದೆಯಂತೆ ಕುಗ್ಗುತ್ತದೆ. ಗಾಳಿ ತಾಗಿದ ಭಾಗ ನಿಧಾನವಾಗಿ ಕೊಳೆತು ಇಲ್ಲವಾಗುತ್ತದೆ. ನೆಲ ತಗ್ಗಿತು, ಮತ್ತೆ ನೀರು ನಿಂತಿತು, ಇನ್ನೂ ಆಳವಾಗಿ ಬಸಿದರು, ನೆಲ ಇನ್ನೂ ತಗ್ಗಿತು. ಧಾನ್ಯ ಬೆಳೆಯಲಾರದಷ್ಟು ತೇವವಾದ ಹೊಲಗಳು ಹುಲ್ಲುಗಾವಲಾದವು. ನಾವು ಬಾಯಿಪಾಠ ಮಾಡಿಸುತ್ತಿದ್ದ ಹೈನುಗಾರಿಕೆಯ ಮೂಲ ಇಲ್ಲಿದೆ. 15ನೆಯ ಶತಮಾನದ ಆರಂಭದಿಂದ ನೀರೆತ್ತಲು ಗಾಳಿಯಂತ್ರಗಳು ಬಂದವು. ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆಯುವ ಆ ಗಾಳಿಯಂತ್ರ ಮುಳುಗುತ್ತಿದ್ದ ದೇಶದ ಊರುಗೋಲು.

ಇದು ಸಾಲದೆಂಬಂತೆ ಒಲೆಗೆ ಉರುವಲಾಗಿ ಪೀಟನ್ನೇ ಅಗೆದು ತೆಗೆದರು. ಅಗೆದ ಗುಂಡಿಗಳು ಕೆರೆಗಳಾದವು. ಬಿರುಗಾಳಿಯ ಅಲೆಗಳು ದಡಗಳನ್ನು ಕಚ್ಚಿ ಕೆರೆಗಳನ್ನು ಸರೋವರಗಳನ್ನಾಗಿಸಿದವು. ಊರುಗಳನ್ನೇ ನುಂಗಿದ ಈ ನೀರಿಗೆ ಡಚ್ಚರು ಇಟ್ಟ ಹೆಸರು 'ನೀರತೋಳ'. ಅತಿ ದೊಡ್ಡ ತೋಳ ಆಮ್‌ಸ್ಟರ್ಡಾಮಿನ ನೆರೆಯ ಹಾರ್ಲೆಮರ್‌ಮೇರ್ ಸರೋವರ.

ಚಿಕ್ಕ ತೋಳಗಳನ್ನು ಮೊದಲು ಕೊಂದರು. ಆಮ್‌ಸ್ಟರ್ಡಾಮಿನ ಉತ್ತರಕ್ಕಿದ್ದ ಬೇಮ್‌ಸ್ಟರ್ ಸರೋವರಕ್ಕೆ ಸುತ್ತಲೂ ಒಡ್ಡು ಕಟ್ಟಿ, ನಲವತ್ತಕ್ಕೂ ಹೆಚ್ಚು ಗಾಳಿಯಂತ್ರಗಳಿಂದ ನೀರೆತ್ತಿ 1612ರಲ್ಲಿ ಬತ್ತಿಸಿದರು. ನಡುವೆ 1610ರಲ್ಲಿ ಒಡ್ಡು ಒಡೆದು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಹಣ ಹಾಕಿದವರಲ್ಲಿ ಮುಂದಾಳು ಡಿರ್ಕ್ ಫಾನ್ ಓಸ್. ಡಚ್ ಈಸ್ಟ್ ಇಂಡಿಯಾ ಕಂಪನಿಯ ಸ್ಥಾಪಕರಲ್ಲೊಬ್ಬ. ಪೂರ್ವದೇಶಗಳ ಸಾಂಬಾರ ವ್ಯಾಪಾರದಲ್ಲಿ ತೊಡಗಿದವರೇ ಸರೋವರದ ತಳಕ್ಕೂ ಬಂಡವಾಳ ಹೂಡಿದ್ದರು. ಬೇಮ್‌ಸ್ಟರಿನ ನಕ್ಷೆ ಚದುರಂಗದ ಹಾಸಿನಂತೆ: ನೇರ ರಸ್ತೆ, ನೇರ ಕಾಲುವೆ, ಚೌಕ ಹೊಲ. ಸಾಮಾನ್ಯವಾಗಿ ನೆಲವಿದ್ದು ಆಮೇಲೆ ನಕ್ಷೆ ಬರುತ್ತದೆ. ಇಲ್ಲಿ ನಕ್ಷೆಯನ್ನು ನೋಡಿಕೊಂಡು ನೆಲವನ್ನು ಗೆರೆಕೊರೆದರು.

ಅಲ್ಲಿ ಯಂತ್ರ ಕಟ್ಟಿದವರಲ್ಲಿ ಯಾನ್ ಲೇಖ್‌ವಾಟರ್ ಒಬ್ಬ. ಹಾರ್ಲೆಮರ್‌ಮೇರನ್ನು 160 ಗಾಳಿಯಂತ್ರಗಳಿಂದ ಬತ್ತಿಸಬಹುದೆಂದು ಅವನು 1641ರಲ್ಲಿ ಪುಸ್ತಕವನ್ನೇ ಬರೆದನು. ಕೆಲಸ ಕೈಗೂಡಲು ಇನ್ನೂರು ವರ್ಷ ಹಿಡಿಯಿತು. 1836ರ ಬಿರುಗಾಳಿಗಳಲ್ಲಿ ನೀರು ಆಮ್‌ಸ್ಟರ್ಡಾಮ್ ಮತ್ತು ಲೈಡನ್ ನಗರಗಳ ಬಾಗಿಲಿಗೆ ಬಂದ ಮೇಲೆ ಸರ್ಕಾರ ಎಚ್ಚೆತ್ತಿತು. ಮೂರು ದೈತ್ಯ ಉಗಿಯಂತ್ರಗಳು 1852ರ ಹೊತ್ತಿಗೆ ಸುಮಾರು 18,000 ಹೆಕ್ಟೇರ್ ಸರೋವರವನ್ನು ಖಾಲಿ ಮಾಡಿದವು. ಅವುಗಳಲ್ಲೊಂದಕ್ಕೆ ಲೇಖ್‌ವಾಟರನ ಹೆಸರನ್ನೇ ಇಟ್ಟರು. ನಮ್ಮ ಹುಡುಗರು ಅಮೆರಿಕಕ್ಕೆ ಹೋಗುವಾಗ ವಿಮಾನ ಬದಲಿಸುವ ಸ್ಕಿಫೋಲ್ ನಿಲ್ದಾಣ ಇರುವುದು ಈ ಸರೋವರದ ತಳದಲ್ಲಿ.

ಇನ್ನೊಂದು ನಕ್ಷೆಯನ್ನು ಹೇಳದೆ ಮುಂದೆ ಹೋಗಲಾರೆ. ಜೋಯ್ಡರ್‌ಜೇ ಎಂಬ ಒಳಸಮುದ್ರದಲ್ಲಿ ಸ್ಖೋಕ್‌ಲಾಂಡ್ ಎಂಬ ಕಿರಿದಾದ ದ್ವೀಪವಿತ್ತು. ಸಮುದ್ರ ಅದನ್ನು ಸವೆಸುತ್ತಲೇ ಬಂದುದರಿಂದ ಅಲ್ಲಿನ ಮೀನುಗಾರರೆಲ್ಲರೂ ಮನೆ ಬಿಡಬೇಕೆಂದು 1859ರಲ್ಲಿ ಸರ್ಕಾರದ ಆಜ್ಞೆಯಾಯಿತು. 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡಿನಿಂದ ಆ ಸಮುದ್ರದ ಬಾಯನ್ನೇ ಮುಚ್ಚಿದರು. 1942ರಲ್ಲಿ ದ್ವೀಪದ ಸುತ್ತಲಿನ ನೀರು ಬತ್ತಿತು. ಈಗಿನ ನಕ್ಷೆಯಲ್ಲಿ ಸ್ಖೋಕ್‌ಲಾಂಡ್ ಹೊಲಗಳ ನಡುವೆ ತುಸು ಎತ್ತರವಾಗಿ ನಿಂತಿರುವ, ಸಮುದ್ರವಿಲ್ಲದ ದ್ವೀಪ. ಹೊರಹಾಕಲ್ಪಟ್ಟವರು ಎಂಬತ್ತು ವರ್ಷ ಮೊದಲೇ ಹುಟ್ಟಿದ್ದು ಅವರ ದುರದೃಷ್ಟ.

ಒಡ್ಡುಗಳ ಮೇಲಿನ ವಿಶ್ವಾಸಕ್ಕೆ ಪೆಟ್ಟು ಬಿದ್ದದ್ದು 1953ರ ಜನವರಿ 31ರ ರಾತ್ರಿ. ನೈಋತ್ಯದ ಜೇಲಂಡ್ ಪ್ರಾಂತದ ಸುತ್ತಮುತ್ತ ಸಮುದ್ರ ಒಡ್ಡುಗಳನ್ನು ಒಡೆದು ಒಳನುಗ್ಗಿತು. 1,836 ಜನ ಸತ್ತರು. ಒಡ್ಡುಗಳು ಎತ್ತರ ಸಾಲವೆಂದು ಯೋಹಾನ್ ಫಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರ್ ವರ್ಷಗಳಿಂದ ಲೆಕ್ಕ ಹಾಕಿ ಹೇಳುತ್ತಲೇ ಇದ್ದನು. ಯಾರೂ ನಂಬದ ಭವಿಷ್ಯವಾದಿನಿಯಾಗಿದ್ದ ಗ್ರೀಕ್ ಪುರಾಣದ ಕಸಾಂಡ್ರಳ ಹೆಸರನ್ನು ಅವನು ಗುಪ್ತನಾಮವಾಗಿ ಬಳಸಿದ್ದನೆಂದರೆ ಅವನ ಬೇಸರ ಎಷ್ಟಿತ್ತೆಂದು ಊಹಿಸಿ. ದುರಂತದ ನಂತರ ಅವನ ಯೋಜನೆಗಳನ್ನೇ ಆಧರಿಸಿ ಡೆಲ್ಟಾ ಕಾಮಗಾರಿ ನಡೆಯಿತು.

ಆಮೇಲೆ ಭಯ ಬಂದದ್ದು ಸಮುದ್ರದ ಕಡೆಯಿಂದಲ್ಲ, ಬೆನ್ನ ಹಿಂದಿನಿಂದ. 1995ರಲ್ಲಿ ನದಿಗಳು ಉಕ್ಕಿ ಎರಡೂವರೆ ಲಕ್ಷ ಜನರನ್ನು ಮನೆಗಳಿಂದ ಸ್ಥಳಾಂತರಿಸಬೇಕಾಯಿತು. ಒಡ್ಡನ್ನು ಇನ್ನಷ್ಟು ಎತ್ತರಿಸುವುದೇ ಎಂಟುನೂರು ವರ್ಷಗಳ ಅಭ್ಯಾಸ. ಈ ಸಲ ಅದಕ್ಕೆ ವಿರುದ್ಧವಾದ ತೀರ್ಮಾನವಾಯಿತು: ನದಿಗೆ ಜಾಗ ಕೊಡುವುದು. ನೈಮೇಖೆನ್ ನಗರದ ಎದುರುದಂಡೆಯ ಲೆಂಟ್ ಎಂಬಲ್ಲಿ ವಾಲ್ ನದಿಯ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ, ನಡುವೆ ಹೊಸ ಕಾಲುವೆ ತೋಡಿದರು. ಸುಮಾರು ಐವತ್ತು ಮನೆಗಳನ್ನು ಕೆಡವಬೇಕಾಯಿತು. ಆ ಮನೆಯವರು ಸುಮ್ಮನೆ ಒಪ್ಪಿಕೊಂಡಿರಲಿಲ್ಲ, ಒಪ್ಪುವುದಾದರೂ ಹೇಗೆ? ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಇಂದಿನ ದಡವನ್ನು ಗೆರೆ ಎಳೆದು ನೋಡಿದರೆ, ಬೀದಿಗಳಿದ್ದ ಕಡೆ ನೀಲಿ ಬಣ್ಣ ತುಂಬಬೇಕಾಗುತ್ತದೆ; ನದಿಯ ನಡುವೆ ಮೊದಲಿಲ್ಲದ ಒಂದು ದ್ವೀಪವನ್ನೂ ಬರೆಯಬೇಕಾಗುತ್ತದೆ.