ಎಂಜಿನ್ ಗರಗಸ ಮತ್ತು ನುಗ್ಗೆ ಕೊಂಬೆ

ಮೊನ್ನೆ ಮಳೆಗೆ ನಮ್ಮ ಹಿತ್ತಲಿನ ನುಗ್ಗೆ ಮರದ ದೊಡ್ಡ ಕೊಂಬೆಯೊಂದು ಮುರಿದು ಬಿತ್ತು. ಕತ್ತಿಯಲ್ಲಿ ನಾಲ್ಕು ಏಟು ಹಾಕಿದ್ರೆ ಮುಗಿಯುವ ಕೆಲಸ. ಆದ್ರೆ ನಾನು ಅದನ್ನು ಕೊಯ್ಯೋಕೆ ಪೆಟ್ರೋಲ್ ಎಂಜಿನ್ ಚಾಲೂ ಮಾಡಿದೆ. ಅಮ್ಮ ಹೊರಗೆ ಬಂದು ನೋಡಿ, "ಎರಡು ವರ್ಷ ಶೆಡ್ಡಲ್ಲಿ ಕೂತು ಮಾಡಿದ್ದು ಇದನ್ನೇನೋ?" ಅಂದಳು. ಹೌದು, ಇದನ್ನೇ :)

ಇದು ಅಮೆರಿಕದ 'ಡ್ರ್ಯಾಗ್ ಸಾ' ಅನ್ನೋ ಯಂತ್ರದ ಕಾಲು ಅಳತೆಯ ಮಾದರಿ. ಹಿಂದೊಮ್ಮೆ ಕೆಲಸದ ಮೇಲೆ ಓರೆಗಾನ್‌ಗೆ ಹೋಗಿದ್ದಾಗ, ಸೇಲಂ ಊರಿನ ಪಕ್ಕದ ಬ್ರೂಕ್ಸ್‌ನಲ್ಲಿ ಬೇಸಿಗೆಯಲ್ಲಿ ನಡೆಯುವ ಹಳೇ ಯಂತ್ರಗಳ ಜಾತ್ರೆಗೆ ಹೋಗಿದ್ದೆ. ಗ್ರೇಟ್ ಓರೆಗಾನ್ ಸ್ಟೀಮ್-ಅಪ್ ಅಂತ ಅದರ ಹೆಸರು. ಎಲ್ಲರೂ ಉಗಿ ಎಂಜಿನ್ ಸುತ್ತ ನಿಂತಿದ್ರೆ ನನ್ನ ಕಾಲು ಮಾತ್ರ ಮೂಲೆಯಲ್ಲಿದ್ದ ಈ ಗರಗಸದ ಮುಂದೆ ನಿಂತುಬಿಟ್ಟವು. ಮರದ ಎರಡು ತೊಲೆಗಳ ಮೇಲೆ ಒಂದೇ ಸಿಲಿಂಡರಿನ ಎಂಜಿನ್, ಅದರ ಮುಂದೆ ಆಳುದ್ದದ ಗರಗಸದ ಅಲಗು. ಕ್ರ್ಯಾಂಕ್ ತಿರುಗಿದ ಹಾಗೆ ಅಲಗು ಹಿಂದೆ ಮುಂದೆ ಹೋಗುತ್ತೆ, ತನ್ನ ಭಾರಕ್ಕೆ ತಾನೇ ದಿಮ್ಮಿಯೊಳಗೆ ಇಳಿಯುತ್ತೆ. ಎಂಜಿನ್ ಸದ್ದಂತೂ... ಒಂದು ಸಲ 'ಡಬ್', ಆಮೇಲೆ ನಾಲ್ಕೈದು ಸಲ ಬರೀ 'ಹುಸ್ ಹುಸ್', ಮತ್ತೆ 'ಡಬ್'. ದಮ್ಮಿನ ಅಜ್ಜನ ಥರ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಕಾಡು ಮತ್ತು ಹೊಲಗಳಲ್ಲಿ ಇದರ ಕಾರುಬಾರು. ಪೋರ್ಟ್‌ಲೆಂಡಿನ ವೇಡ್ ಮತ್ತು ವಾನ್ ಕಂಪನಿಗಳವರು ಮಾಡ್ತಿದ್ದರು. ಕ್ಯಾನ್ಸಸ್ ರಾಜ್ಯದ ಒಟ್ಟಾವಾ ಕಂಪನಿಯವರು ಜಾಹೀರಾತು ಕೊಟ್ಟು ನೇರ ರೈತರಿಗೇ ಮಾರ್ತಿದ್ದರು. ನಾನು ಮಾಡಿದ್ದು ಒಟ್ಟಾವಾ ನೋಡಿಕೊಂಡು. ಅದಕ್ಕೂ ಮುಂಚೆ ಅಲ್ಲಿ ದಿಮ್ಮಿ ತುಂಡು ಮಾಡೋಕೆ ಇದ್ದದ್ದು ಇಬ್ಬರು ಎಳೆಯುವ ಕೈಗರಗಸ. ಅದನ್ನು ಎಳೆದವರು ಇಟ್ಟ ಅಡ್ಡಹೆಸರು 'ಮಿಸರಿ ವಿಪ್', ಅಂದ್ರೆ ಸಂಕಟದ ಚಾಟಿ.

ಎಂಜಿನ್ನು ಗರಗಸ ಎಳೆಯುವುದರ ಹಿಂದೆ ತುಂಬ ಹಳೇ ಕತೆ ಇದೆ. ತಿರುಗೋದನ್ನು ಹಿಂದೆಮುಂದೆ ಆಡೋದಾಗಿ ಬದಲಾಯಿಸೋಕೆ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ಬೇಕಲ್ಲ, ಆ ಜೋಡಿಯ ಅತಿ ಹಳೆಯ ಚಿತ್ರ ನಮಗೆ ಸಿಕ್ಕಿರೋದೇ ಒಂದು ಗರಗಸದ ಜೊತೆ. ಈಗಿನ ಟರ್ಕಿಯಲ್ಲಿರುವ ಹಿಯರಾಪೊಲಿಸ್‌ನಲ್ಲಿ ಅಮ್ಮಿಯಾನೋಸ್ ಅನ್ನುವವನ ಕಲ್ಲಿನ ಶವಪೆಟ್ಟಿಗೆ ಇದೆ, ಮೂರನೇ ಶತಮಾನದ್ದು. ಅದರ ಮುಚ್ಚಳದ ಮೇಲೆ ನೀರಿನ ಚಕ್ರ, ಅದರಿಂದ ಆಡುವ ಎರಡು ಗರಗಸಗಳನ್ನು ಕೆತ್ತಿದ್ದಾರೆ. ಮರ ಅಲ್ಲ, ಕಲ್ಲು ಕೊಯ್ಯುವ ಗರಗಸ. ತಾನು ಮಾಡಿದ ಯಂತ್ರವನ್ನು ಗೋರಿಯ ಮೇಲೆ ಕೆತ್ತಿಸಿಕೊಂಡ ಆ ಪುಣ್ಯಾತ್ಮನ ಮೇಲೆ ನನಗೆ ಯಾಕೋ ತುಂಬ ಪ್ರೀತಿ. ಆಮೇಲೆ 1590ರ ದಶಕದಲ್ಲಿ ಹಾಲೆಂಡಿನ ಕಾರ್ನೆಲಿಸ್ ಕಾರ್ನೆಲಿಸ್‌ಜೂನ್ ಅನ್ನೋ ರೈತ ಗಾಳಿಯಂತ್ರಕ್ಕೆ ಕ್ರ್ಯಾಂಕ್ ಹಾಕಿ ಮರ ಸೀಳಿಸಿದ. ಡಚ್ಚರು ಅಷ್ಟೊಂದು ಹಡಗು ಕಟ್ಟಿದ್ದಕ್ಕೆ ಈ ಹಲಗೆಗಳೂ ಒಂದು ಕಾರಣ.

ಎಲ್ಲರಿಗೂ ಇದು ಖುಷಿಯ ಸುದ್ದಿ ಆಗಿರಲಿಲ್ಲ. 1768ರಲ್ಲಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಚಾರ್ಲ್ಸ್ ಡಿಂಗ್ಲಿ ಅನ್ನೋ ವ್ಯಾಪಾರಿ ಕಟ್ಟಿಸಿದ್ದ ಗಾಳಿ ಗರಗಸದ ಗಿರಣಿಗೆ ಮರ ಕೊಯ್ಯುವ ಕೂಲಿಗಳು ನೂರಾರು ಜನ ನುಗ್ಗಿ ಒಡೆದುಹಾಕಿದರು. ಓದಿದಾಗ 'ಛೇ, ಒಳ್ಳೇ ಯಂತ್ರ' ಅಂತ ನನಗೆ ಅನ್ನಿಸಿದ್ದು ನಿಜ. ಈ ಮಾತಿಗೆ ಮತ್ತೆ ಬರ್ತೀನಿ.

ಈಗ ನನ್ನ ಶೆಡ್ಡಿನ ಕತೆ. ಇರೋದು ಒಂದು ಸಣ್ಣ ಲೇತ್, ಒಂದು ಡ್ರಿಲ್ಲಿಂಗ್ ಮಷೀನು, ಒಂದು ವೈಸು. ಬೀಡಿನ ತುಂಡುಗಳನ್ನು ಗುಜರಿಯಿಂದ ತಂದೆ. ಬೇರಿಂಗು, ಹಿತ್ತಾಳೆ ರಾಡು ಎಲ್ಲಾ ಎಸ್.ಪಿ. ರೋಡಿನದ್ದು. ಎಂಜಿನ್ ತಿಂಗಳುಗಟ್ಟಲೆ ಹತ್ತಲೇ ಇಲ್ಲ. ತಪ್ಪು ಎಲ್ಲಿತ್ತು ಅಂದ್ರೆ ಒಂದು ಸ್ಪ್ರಿಂಗಿನಲ್ಲಿ. ಈ ಜಾತಿಯ ಎಂಜಿನ್ನಿಗೆ ಗಾಳಿ ಒಳಬರುವ ವಾಲ್ವನ್ನು ಯಾವ ಕ್ಯಾಮೂ ತಳ್ಳೋದಿಲ್ಲ. ಪಿಸ್ಟನ್ ಕೆಳಗಿಳಿದಾಗ ಆಗುವ ಎಳೆತಕ್ಕೇ ಅದು ತೆರೆದುಕೊಳ್ಳಬೇಕು. ನಾನು ಬಾಲ್ ಪೆನ್ನಿನ ಸ್ಪ್ರಿಂಗ್ ಹಾಕಿದ್ದೆ! ಅದೂ ಗಟ್ಟಿಯೇ ಆಯ್ತು. ಕೊನೆಗೆ ಕೂದಲಿನಂಥ ತಂತಿ ಸುತ್ತಿ ಹಾಕಿದ ಮೇಲೆ 'ಡಬ್' ಅಂತು.

ಆ 'ಹುಸ್ ಹುಸ್' ಗುಟ್ಟು ಕೂಡ ಇದೇ ವಾಲ್ವಿನಲ್ಲಿದೆ. ವೇಗ ಜಾಸ್ತಿಯಾದ ತಕ್ಷಣ ಗವರ್ನರ್ ಬಂದು ಹೊಗೆಯ ವಾಲ್ವನ್ನು ತೆರೆದೇ ಹಿಡಿದುಬಿಡುತ್ತೆ. ಆಗ ಎಳೆತ ಹುಟ್ಟೋದಿಲ್ಲ, ಪೆಟ್ರೋಲು ಒಳಗೆ ಬರೋದಿಲ್ಲ, ಫ್ಲೈವೀಲ್ ತನ್ನ ಪಾಡಿಗೆ ತಿರುಗ್ತಾ ಇರುತ್ತೆ. ವೇಗ ಇಳಿದ ಮೇಲೆ ಹಿಡಿತ ಬಿಟ್ಟು ಮತ್ತೊಂದು 'ಡಬ್'. ಕೆಲಸ ಇದ್ದಷ್ಟೇ ಊಟ! ಹಳ್ಳಿಯ ರೈತನಿಗೆ ಇದಕ್ಕಿಂತ ಬೇಕೇ?

ಎಂಜಿನ್ ಓಡಿತು ಅಂತ ಗರಗಸ ಕಟ್ಟಿದೆ. ಬಡಗಿಯೊಬ್ಬರು ಎಸೆದಿದ್ದ ಕೈಗರಗಸದ ತಗಡು, ಹಿಡಿಯ ಕಡೆಯ ತುದಿಯನ್ನೇ ಎಂಜಿನ್ನಿಗೆ ಜೋಡಿಸಿದ್ದೆ. ಎರಡೇ ಸುತ್ತಿಗೆ ಅಲಗು ಬಿಲ್ಲಿನ ಹಾಗೆ ಬಾಗಿ ನಿಂತಿತು. ಅದು ತಳ್ಳುವಾಗ ಕೊಯ್ಯುವ ಗರಗಸ. ಕೈಯಲ್ಲಾದ್ರೆ ನಾವು ಹದ ನೋಡಿ ತಳ್ಳುತ್ತೇವೆ, ಎಂಜಿನ್ನಿಗೆ ಹದ ಎಲ್ಲಿ ಗೊತ್ತು? ಉದ್ದನೆಯ ತೆಳು ತಗಡನ್ನು ತಳ್ಳಿದ್ರೆ ಬಾಗುತ್ತೆ, ಎಳೆದ್ರೆ ನೆಟ್ಟಗಾಗುತ್ತೆ. ಅದಕ್ಕೇ ಇದರ ಹೆಸರು 'ಡ್ರ್ಯಾಗ್', ಎಳೆಯುವ ಗರಗಸ. ಹೆಸರನ್ನು ನೂರು ಸಲ ಓದಿದ್ದೆ, ಅರ್ಥ ಆಗಿದ್ದು ತಗಡು ಬಾಗಿದ ಮೇಲೆ.

ತಿರುಗಿಸಿ ಕಟ್ಟಿದೆ. ಈಗ ಮರಕ್ಕೆ ತಾಗಿದ ಕೂಡಲೇ ಎಂಜಿನ್ನೇ ನಿಲ್ಲೋಕೆ ಶುರುವಾಯ್ತು. ಇದರ ಲೆಕ್ಕ ಸ್ವಾರಸ್ಯವಾಗಿದೆ ಕೇಳಿ. ಎಲ್ಲ ಅಳತೆಯನ್ನೂ ಕಾಲು ಮಾಡಿದ್ರೆ ಫ್ಲೈವೀಲಿನ ತೂಕ ಅರವತ್ನಾಲ್ಕರಲ್ಲಿ ಒಂದು ಪಾಲಾಗುತ್ತೆ. ಆದ್ರೆ ಅದು ತುಂಬಿಟ್ಟುಕೊಳ್ಳುವ ಶಕ್ತಿ, ಮೂಲದಷ್ಟೇ ನಿಧಾನ ತಿರುಗಿಸಿದ್ರೆ, 1024ರಲ್ಲಿ ಒಂದು ಪಾಲು! ದಮ್ಮಿನ ಅಜ್ಜನ ಸದ್ದು ಬೇಕು ಅಂತ ನಾನು ನಿಧಾನಕ್ಕೇ ಓಡಿಸ್ತಿದ್ದೆ. ನಾಲ್ಕು ಪಟ್ಟು ವೇಗ ಮಾಡಿದ್ರೆ ಲೆಕ್ಕ ಸರಿಹೋಗುತ್ತೆ, ಆದ್ರೆ ಹೊಲಿಗೆ ಯಂತ್ರದ ಸದ್ದು ಬರುತ್ತೆ. ಕೊನೆಗೆ ಫ್ಲೈವೀಲನ್ನು ದಪ್ಪ ಮಾಡಿ, ವೇಗ ಎರಡು ಪಟ್ಟು ಇಟ್ಟು ರಾಜಿಯಾದೆ. ಅಳತೆಯ ಪಂಡಿತರು ಕ್ಷಮಿಸಬೇಕು.

ಈಗ ನಿಲ್ಲದೆ ಓಡಿತು, ಆದ್ರೆ ಕೊಯ್ಯಲಿಲ್ಲ. ಅಲಗು ಅರ್ಧ ಇಂಚು ಇಳಿದು ಸಿಕ್ಕಿಕೊಳ್ಳುತ್ತಿತ್ತು. ಬೇಜಾರಾಗಿ ಹಾಗೇ ಪೆಟ್ಟಿಗೆಗೆ ಹಾಕಿ ಮಲೆನಾಡಿನ ನಮ್ಮೂರಿಗೆ ಒಯ್ದೆ. ಅಲ್ಲೊಬ್ಬರು ಅಜ್ಜ ಇದ್ದಾರೆ. ನಾನು ಸಣ್ಣವನಿದ್ದಾಗ ನಮ್ಮ ಮನೆಗೆ ಹಲಸಿನ ದಿಮ್ಮಿ ಸೀಳೋಕೆ ಬರ್ತಿದ್ದವರು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ದಿನಗಟ್ಟಲೆ ಎಳೆಯುವ ಕೆಲಸ. ಅವರು ಯಾವಾಗಲೂ ಕೆಳಗೆ, ರೆಪ್ಪೆಯ ಮೇಲೆಲ್ಲ ಮರದ ಪುಡಿ.

ಅಜ್ಜ ಎಂಜಿನ್ ಕಡೆ ನೋಡಲೇ ಇಲ್ಲ. ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, "ಮಾರಾಯ್ರೆ, ಇದು ಉದ್ದ ಸೀಳೋ ಹಲ್ಲು. ನೀವು ಅಡ್ಡ ಕೊಯ್ತಿದೀರಿ. ಮತ್ತೆ ಒಂದು ಹಲ್ಲನ್ನೂ ಆಚೀಚೆ ಬಗ್ಗಿಸಿಲ್ಲ, ದಾರಿ ಅಗಲ ಆಗದೆ ಗರಗಸ ಹೋಗೋದು ಹ್ಯಾಗೆ?" ಅಂದ್ರು. ಅರ ಕೇಳಿ ಇಸ್ಕೊಂಡು ಜಗಲಿಯಲ್ಲಿ ಕೂತರು. ಹಲ್ಲಿನ ಎರಡೂ ಅಂಚನ್ನು ಚಾಕುವಿನ ಮೊನೆಯ ಹಾಗೆ ಓರೆಯಾಗಿ ಉಜ್ಜಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಕೂದಲೆಳೆಯಷ್ಟು ಬಗ್ಗಿಸಿದರು. ಸಂಜೆ ಆಯ್ತು.

ನಾನು ಲೈಮ್‌ಹೌಸಿನ ಗಲಾಟೆಯ ಕತೆ ಹೇಳಿದೆ. ಸಾಮಿಲ್ಲು ಬಂದಾಗ ನಿಮಗೂ ಹಾಗೇ ಅನ್ನಿಸಿತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಣ್ಣಿಗೆ ಪುಡಿ ಬೀಳೋದು ತಪ್ತು, ಅದು ಒಳ್ಳೇದೇ. ಆದ್ರೆ ಆ ಮಳೆಗಾಲ ಮನೇಲಿ ಗಂಜಿಗೂ ತತ್ವಾರ ಆಯ್ತು. ಆಮೇಲೆ ಅದೇ ಮಿಲ್ಲಿಗೆ ದಿಮ್ಮಿ ಉರುಳಿಸೋಕೆ ಹೋದೆ" ಅಂದ್ರು. ಗಿರಣಿ ಒಡೆದವರ ಬಗ್ಗೆ 'ಛೇ' ಅಂದಿದ್ದು ನೆನಪಾಗಿ ನನಗೆ ಮಾತು ಹೊರಡಲಿಲ್ಲ.

ಅಂದ ಹಾಗೆ ಡ್ರ್ಯಾಗ್ ಸಾ ಕತೆಯೂ ಹಾಗೇ ಮುಗಿಯಿತು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನ ಚೈನ್ ಸಾ ಮಾಡಿದ, 1929ರಲ್ಲಿ ಪೆಟ್ರೋಲಿನದ್ದು. ಇಬ್ಬರು ಹೊರಬೇಕಾದಷ್ಟು ಭಾರ ಇದ್ದವು. ಅದು ಹಗುರಾಗಿ ಒಬ್ಬನ ಕೈಗೆ ಬಂತು. ಜೊತೆಗೆ 1947ರಲ್ಲಿ, ಮರ ಕೊರೆಯುವ ಹುಳುವಿನ ದವಡೆ ನೋಡಿ ಜೋಸೆಫ್ ಕಾಕ್ಸ್ ರೂಪಿಸಿದ ಹೊಸ ಹಲ್ಲಿನ ಚೈನು ಮಾರುಕಟ್ಟೆಗೆ ಬಂತು. ಅಲ್ಲಿಗೆ ತೊಲೆಗಳ ಮೇಲಿನ ಈ ಮುದುಕ ಮೂಲೆ ಸೇರಿದ. ಕಾಕ್ಸ್ ಚೈನು ಮಾಡಿದ ಊರೂ ಅದೇ ಪೋರ್ಟ್‌ಲೆಂಡ್.

ಸರಿ, ನುಗ್ಗೆ ಕೊಂಬೆ. ಮುಕ್ಕಾಲು ಭಾಗ ಬೆಣ್ಣೆಯ ಹಾಗೆ ಕೊಯ್ತು. ಪುಡಿ ಎರಡೂ ಕಡೆ ಸಮ ಬೀಳ್ತಿತ್ತು, ಅಜ್ಜನ ಕೈಚಳಕ. ಅಷ್ಟರಲ್ಲಿ ಕೊಂಬೆ ಜಗ್ಗಿ ಅಲಗನ್ನು ಕಚ್ಚಿಕೊಂಡಿತು. ಎಂಜಿನ್ ಗಪ್. ಅಮ್ಮ ಒಳಗೆ ಹೋಗಿ ತೆಂಗಿನ ಚಿಪ್ಪಿನ ಚೂರೊಂದನ್ನು ತಂದು ಸೀಳಿಗೆ ಬೆಣೆ ಹೊಡೆದಳು. ಮತ್ತೆ ಚಕ್ರ ತಿರುಗಿಸಿದೆ. ಡಬ್... ಹುಸ್ ಹುಸ್... ಡಬ್. ಕೊಂಬೆ ಎರಡು ತುಂಡಾಯ್ತು. ಅಮ್ಮ ಸೊಪ್ಪು ಬಿಡಿಸ್ಕೊಂಡು ಒಳಗೆ ಹೋದಳು.