ಆಸ್ಪತ್ರೆಯ ನೆರಳಿನಲ್ಲಿ ಸಾರ್ವಜನಿಕ ಆರೋಗ್ಯ

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕ ಪ್ಲೇಗು, ಅದುವರೆಗೆ ದವಾಖಾನೆ ತೆರೆಯುವುದನ್ನೂ ದೇವಿ ಹಾಕಿಸುವುದನ್ನೂ ತನ್ನ ಮುಖ್ಯ ವೈದ್ಯಕೀಯ ಹೊಣೆಯೆಂದು ಭಾವಿಸಿದ್ದ ಮೈಸೂರು ಸಂಸ್ಥಾನವನ್ನು ಹೊಸ ಬಗೆಯ ಆಡಳಿತಕ್ಕೆ ಎಳೆದು ತಂದಿತು. ರೋಗಿಗಳನ್ನು ಬೇರ್ಪಡಿಸುವ ಶಿಬಿರ, ಮನೆಗಳ ಶುದ್ಧೀಕರಣ, ಪ್ರಯಾಣಿಕರ ತಪಾಸಣೆ, ಸುದ್ದಿ ಬೇಗ ಮುಟ್ಟಿಸಲು ಎಳೆದ ದೂರವಾಣಿ ತಂತಿ, ಇವೆಲ್ಲ ಆ ಹೊತ್ತಿನ ಕ್ರಮಗಳು. ಆಗಲೇ ಯೋಜಿತವಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಹೋಗಿ ನೆಲೆಸುವುದನ್ನೂ ಈ ಮಾರಿಯೇ ಚುರುಕುಗೊಳಿಸಿತು. ಮನೆಯಲ್ಲಿ ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಹಳ್ಳಿಗರ ನಡವಳಿಕೆಯನ್ನು ಬರಿಯ ಭಯವೆಂದು ಕಾಣುವುದು ಸರಿಯಲ್ಲ. ರೋಗವಿದ್ದ ಜಾಗದಿಂದ ದೂರ ಸರಿಯಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ ಎಲ್ಲರ ಕಣ್ಣಿಗೆ ಬೀಳುವ ಸಾಧನೆಯಾಯಿತು. ಚರಂಡಿ, ನೀರು, ಜನನ ಮರಣಗಳ ಲೆಕ್ಕ ಮೊದಲಾದ ಕೆಲಸಗಳಿಗೆ ಅಂಥ ಉದ್ಘಾಟನೆಯ ಭಾಗ್ಯವಿರಲಿಲ್ಲ.

ಈ ಎರಡನೆಯ ಬಗೆಯ ಕೆಲಸಕ್ಕೆ ಮೈಸೂರಿನಲ್ಲಿ ಸ್ವತಂತ್ರ ನೆಲೆ ದೊರೆತದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ. ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು 1920ರ ದಶಕದ ಕೊನೆಯ ವರ್ಷಗಳಲ್ಲಿ ಚಿಕಿತ್ಸೆಯಿಂದ ಪ್ರತ್ಯೇಕವಾದ ಸಾರ್ವಜನಿಕ ಆರೋಗ್ಯ ಇಲಾಖೆಯನ್ನು ಕಟ್ಟಲಾಯಿತು. ಮಂಡ್ಯದಲ್ಲಿ ಆರೋಗ್ಯ ಘಟಕವೊಂದು, ಅಂದರೆ ಗೊತ್ತಾದ ಒಂದು ಪ್ರದೇಶದ ಇಡೀ ಜನರ ಆರೋಗ್ಯಕ್ಕೆ ಆರೋಗ್ಯಾಧಿಕಾರಿ, ನಿರೀಕ್ಷಕರು ಮತ್ತು ತರಬೇತಾದ ಸೂಲಗಿತ್ತಿಯರ ತಂಡವನ್ನು ಹೊಣೆ ಮಾಡುವ ವ್ಯವಸ್ಥೆ, ರೂಪುಗೊಂಡಿತು. ಮಂಡ್ಯ ಇದಕ್ಕೆ ತಕ್ಕ ಸ್ಥಳವೇ ಆಗಿತ್ತು, ಏಕೆಂದರೆ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದು ಒಣಭೂಮಿಯನ್ನು ಗದ್ದೆಯಾಗಿಸಿದಂತೆ ನಿಂತ ನೀರಿನ ಸೊಳ್ಳೆಯೂ ಅದರ ಬೆನ್ನಿಗೆ ಮಲೇರಿಯವೂ ಬಂದವು. ನೀರಾವರಿ ಇಲಾಖೆಯ ತೀರ್ಮಾನವೊಂದು ರೈತನ ಮನೆಯ ಜ್ವರವಾಗಬಲ್ಲದೆಂಬ ಸತ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ ಈ ನಾಡಿನ ಆಡಳಿತ ಚರಿತ್ರೆಯಲ್ಲಿ ಸಿಗುವುದು ಕಷ್ಟ. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯುವ ಧೈರ್ಯ ತೋರಿದ್ದೂ ಇದೇ ಕಾಲಘಟ್ಟದಲ್ಲಿ.

ಸ್ವಾತಂತ್ರ್ಯದ ಅನಂತರ ದಿಕ್ಕು ಬದಲಾಯಿತು. ರೋಗ ತಡೆ ಮತ್ತು ಚಿಕಿತ್ಸೆ ಎರಡೂ ಒಂದೇ ಕೈಯಲ್ಲಿರಬೇಕೆಂದು 1946ರಲ್ಲಿ ಭೋರ್ ಸಮಿತಿ ನೀಡಿದ ಸಲಹೆ ತತ್ತ್ವದಲ್ಲಿ ಉದಾರವಾದುದೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಗೆ ಅದೇ ಆಧಾರ. ಆದರೆ 1956ರ ಏಕೀಕರಣದಿಂದ ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗಿನ ಭಿನ್ನ ಆಡಳಿತ ಪರಂಪರೆಗಳು ಒಂದೇ ರಾಜ್ಯದಲ್ಲಿ ಕೂಡಿದ ಮೇಲೆ, 1960ರ ದಶಕದಲ್ಲಿ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಇಲಾಖೆಗಳನ್ನು ಒಂದುಗೂಡಿಸಿದಾಗ, ಆ ಕೂಡಿಕೆಯಲ್ಲಿ ಕರಗಿದ್ದು ಚಿಕಿತ್ಸೆಯಲ್ಲ, ತಡೆಯ ಕೆಲಸ. ಎದುರಿಗೆ ಸಾಲುಗಟ್ಟಿ ನಿಂತ ರೋಗಿಗಳನ್ನು ಬಿಟ್ಟು ಬಾವಿಯ ನೀರಿನ ಪರೀಕ್ಷೆಗೆ ಹೋಗುವುದು ಯಾವ ವೈದ್ಯಾಧಿಕಾರಿಗೂ ಸುಲಭವಲ್ಲ. ಕುಟುಂಬ ಯೋಜನೆಯ ಗುರಿಗಳು ಅವನ ಕೆಳಗಿನ ಸಿಬ್ಬಂದಿಯ ಉಳಿದ ವೇಳೆಯನ್ನೂ ನುಂಗಿದವು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಆರೋಗ್ಯ ಕೇಂದ್ರಗಳು ಜನಪ್ರತಿನಿಧಿಗಳಿಗೆ ಹತ್ತಿರವಾದವಾದರೂ ಸಿಬ್ಬಂದಿಯ ಮೇಲಿನ ಹತೋಟಿ ಜಿಲ್ಲೆಗೂ ರಾಜಧಾನಿಗೂ ಹಂಚಿಹೋಯಿತು.

ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಸಲ್ಲಿಸಿದ ವರದಿ, ಭ್ರಷ್ಟಾಚಾರವನ್ನು ಹೆಸರಿಸುವುದರ ಜೊತೆಗೆ, ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನೂ ಪ್ರದೇಶಗಳ ನಡುವಿನ ಅಸಮಾನತೆಯನ್ನೂ ಮೂಲ ದೋಷಗಳೆಂದು ನೇರವಾಗಿ ಗುರುತಿಸಿತು. ಮುಂದೆ 2003ರ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೂ 2010ರ ವಾಜಪೇಯಿ ಆರೋಗ್ಯಶ್ರೀ ಬಡವರ ದುಬಾರಿ ಚಿಕಿತ್ಸೆಗೂ ಆಸರೆಯಾದವು. ಅನೇಕ ಮನೆಗಳನ್ನು ಸಾಲದಿಂದ ಉಳಿಸಿದ ಈ ಯೋಜನೆಗಳ ಉಪಕಾರ ದೊಡ್ಡದು. ಆದರೂ ಅವು ರೋಗ ಬಂದ ಮೇಲಿನ ನೆರವು. ನೆರೆಯ ತಮಿಳುನಾಡು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆಯನ್ನೂ, ಆ ವಿಷಯದಲ್ಲೇ ತರಬೇತಿ ಪಡೆದು ಅದೇ ಸಾಲಿನಲ್ಲಿ ನಿರ್ದೇಶಕರ ಸ್ಥಾನಕ್ಕೇರುವ ಅಧಿಕಾರಿವರ್ಗವನ್ನೂ ಉಳಿಸಿಕೊಂಡಿತು. ಮಂಡ್ಯದ ಪ್ರಯೋಗವನ್ನು ಅಷ್ಟು ಮೊದಲೇ ನಡೆಸಿದ್ದ ಮೈಸೂರಿಗೆ ಆ ಹಾದಿ ಅಪರಿಚಿತವಾಗಿರಲಿಲ್ಲ.